ತೆಂಗಿನಕಾಯಿ ಮುಟ್ಟದ ಅಭ್ಯರ್ಥಿ

ಜಾವಗಲ್
೮-೪-೨೦೦೪

ಪ್ರೀತಿಯ ಮಗ ಸೋಮೂ,

ಹೇಗಿದ್ದೀಯಪ್ಪ? ಕೆಮ್ಮು ನಿಂತಿತೇ? ಹುಬ್ಬಳ್ಳಿಯ ಬಿಸಿಲಿಗೆ ಐಸ್ ನೀರು ಕುಡಿಯುತ್ತೀಯ, ನನಗೆ ಗೊತ್ತು. ಜೀರಿಗೆ ಕಷಾಯ ಮಾಡಿಕೋ. ನಿನಗೆ ಬಾರದಿದ್ದರೆ ದೇವೇಂದ್ರ ಮಾಡಿಕೊಡುತ್ತಾನೆ, ನಿನಗಿಂತ ಅವನ ಅಡುಗೆಯೇ ವಾಸಿ. ಅವನ ಮಂಡಿನೋವು ಹೇಗಿದೆ, ಬರಿ. ನಾವಿಲ್ಲಿ ಗಟ್ಟಿಮುಟ್ಟಾಗಿದ್ದೇವೆ.

ಊರೆಲ್ಲ ಎಲೆಕ್ಷನ್ ಗದ್ದಲ. ನಿಮ್ಮಪ್ಪನಂತೂ ಹೆಗಲ ಮೇಲೆ ಪಾರ್ಟಿ ಶಾಲು ಹಾಕಿಕೊಂಡು ಮೂರು ಹೊತ್ತೂ ಜೀಪಿನಲ್ಲೇ. "ಆ ದೇವೇಂದ್ರನ ಜತೆ ಇರೋದಾದ್ರೆ ಈ ಹೊಸ್ತಿಲು ತುಳೀಬ್ಯಾಡ" ಎಂದು ಹೆತ್ತ ಮಗನಿಗೆ ಹೇಳಿದವರು, ಯಾವನೋ ಕ್ಯಾಂಡಿಡೇಟನ್ನು ತೋರಿಸಿ "ನಮ್ಮೋನು ಕಣ್ರಪ್ಪ, ಮರೀಬ್ಯಾಡಿ" ಎಂದು ಊರಿಗೆಲ್ಲ ಕೈ ಮುಗಿಯುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು ಕಣೋ.

ನಿನ್ನೆ ಆ ಕ್ಯಾಂಡಿಡೇಟು ನಿಮ್ಮಪ್ಪನ ಜತೆ ನಮ್ಮ ಬೀದಿಗೇ ಬಂದ. ಪದ್ಧತಿ ಗೊತ್ತಲ್ಲ, ತಟ್ಟೆಯಲ್ಲಿ ಅರಿಶಿನ ಕುಂಕುಮ, ತೆಂಗಿನಕಾಯಿ ಇಟ್ಟುಕೊಂಡು ಬಂದು, ಕಾಯಿ ಮುಟ್ಟಿಸಿ ಹೆಂಗಸರಿಂದ ವೋಟಿನ ಆಣೆ ಮಾಡಿಸಿಕೊಳ್ಳುವುದು. ನಾನು ತಟ್ಟೆ ಇಸಿದುಕೊಂಡು ಅವನಿಗೇ ಹಿಡಿದೆ. "ಮೊದ್ಲು ನೀವು ಮುಟ್ಟಿ ಸ್ವಾಮಿ" ಎಂದೆ. ಬೋರ್‌ವೆಲ್ ಎಂದೆ, ಮುಟ್ಟಿದ. ಡಾಂಬರು ರಸ್ತೆ ಎಂದೆ, ಮುಟ್ಟಿದ. "ನನ್ ಮಗ ಇನ್ನೊಬ್ಬ ಗಂಡಸಿನ ಜತೆ ಬಾಳ್ತಾವ್ನೆ. ಅಂಥೋರ್ನ ಜೈಲಿಗೆ ಹಾಕೋ ಕಾನೂನು ಐತೆ. ಅದನ್ನ ತೋರ್ಸಿ ಹೆದರಿಸಿ ಮನೆ ಮಾಲೀಕ ಇಬ್ಬರನ್ನೂ ಹೊರಗೆ ಹಾಕ್ದ. ಆ ಕಾನೂನು ತೆಗೆಸ್ತೀರಾ?" ಎಂದೆ. ಕೆಂಡ ಮುಟ್ಟಿದವನ ಹಾಗೆ ಕೈ ಎಳೆದುಕೊಂಡ! "ಅವೆಲ್ಲಾ ಬೆಂಗ್ಳೂರಿನ್ ವಿಷ್ಯ ಕಣಮ್ಮ, ನಮ್ ಕಡೆ ಅಂಥೋರಿಲ್ಲ" ಎಂದ. ಇಲ್ಲವಂತೆ! ನಿನ್ನನ್ನು ನಾನೇನು ಬೆಂಗಳೂರಿನಲ್ಲಿ ಹೆತ್ತೆನೇ? ಇವತ್ತು ಬಂದ ಎದುರು ಪಾರ್ಟಿಯವನದೂ ಅದೇ ರಾಗ. ಬೀದಿಯಲ್ಲಿ ಹೇಳಿಬಿಟ್ಟೆ ಎಂದು ಬೈಯಬೇಡ, ಇನ್ನು ಯಾರ ಹತ್ತಿರವೂ ಮುಚ್ಚಿಡಬೇಡಮ್ಮ ಎಂದು ನೀನೇ ತಾನೇ ಬರೆದದ್ದು?

ನಿನ್ನೆ ಕೈ ಎಳೆದುಕೊಂಡ ಆ ಕ್ಯಾಂಡಿಡೇಟು ನಗುತ್ತ ನಿಮ್ಮಪ್ಪನ ಕಡೆ ತಿರುಗಿ, "ಏನ್ ಕಲ್ಲೇಶಪ್ಪ, ನಿಮ್ ಮನೆಯವ್ರಿಗೆ ತಲೆ ನೆಟ್ಟಗೈತಾ?" ಎಂದು ಕೇಳಿದ. ನಿಮ್ಮಪ್ಪನ ಮುಖ ಕೆಂಪಾಯಿತು. ಈಗ ನನಗೆ ಬೀಳುತ್ತದೆ ಎಂದುಕೊಂಡೆ. ಅವರು ಶಾಲು ತೆಗೆದು ಜೀಪಿನೊಳಕ್ಕೆ ಹಾಕಿ, "ಅವ್ಳು ಕೇಳಿದ್ದಕ್ಕೆ ಜವಾಬು ಹೇಳ್ರಿ. ಅವನು ನನ್ ಮಗ" ಎಂದರು. ನನಗೆ ಅಳು ಬಂದುಬಿಟ್ಟಿತು. ಅವನು ಜೀಪು ಹತ್ತಿ ಹೊರಟೇಹೋದ. ಹೋಗಲಿ ಬಿಡು, ಮುಂದಿನ ಸಲವೂ ಬರಲೇಬೇಕಲ್ಲ. ನಾನು ಮತ್ತೆ ಕೇಳುತ್ತೇನೆ, ತೆಂಗಿನಕಾಯಿಗೆ ನಮ್ಮ ಸೀಮೆಯಲ್ಲೇನು ಬರವೇ?

ಇಬ್ಬರೂ ಹೊಟ್ಟೆ ತುಂಬ ಉಂಡು ತಣ್ಣಗೆ ಬಾಳಿ.

ನಿನ್ನ ಅಮ್ಮ
ಸಣ್ಣತಾಯಮ್ಮ

ತಾ.ಕ.: ಕಾಗದ ಡಬ್ಬಿಗೆ ಹಾಕಲು ನಿಮ್ಮಪ್ಪ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾರೆ. ಇದನ್ನೂ ಬರಿ ಎಂದರು. ವೋಟು ಹಾಕಲು ಬರಬೇಕಂತೆ, ದೇವೇಂದ್ರನನ್ನು ಕರೆದುಕೊಂಡೇ ಬರಬೇಕಂತೆ. ಅರಸೀಕೆರೆ ಸ್ಟೇಷನ್ನಿಗೆ ತಾವೇ ಬರುತ್ತಾರಂತೆ. ಇಲ್ಲಿ ಬಸ್ಸಿಳಿದ ಮೇಲೆ ಹಿಂದಿನ ಓಣಿ ಹಿಡಿಯುವುದು ಬೇಡ, ಮೂವರೂ ಸಂತೆಬೀದಿಯಲ್ಲೇ ನಡೆದು ಬರೋಣ ಎನ್ನುತ್ತಿದ್ದಾರೆ.