ಅಪ್ಪನ ಸ್ಟುಡಿಯೋದ ಭಂಗಿ

ಮಂಗಳವಾರ, ಸಂಜೆ

ಪ್ರೀತಿಯ ಗುಬ್ಬಿ,

ಫೋನಿನಲ್ಲಿ ನೀನು ಕೇಳಿದ್ದಕ್ಕೆಲ್ಲ ಚೆನ್ನಾಗಿದೆ, ಚೆನ್ನಾಗಿದೆ ಎಂದು ಸಾಗಹಾಕಿದೆ. ನೀನೇನು ಬಿಡುವವಳೇ? "ಬಾಯಲ್ಲಿ ಹೇಳಕ್ಕಾಗದಿದ್ರೆ ಬರೆದಾದ್ರೂ ತಿಳಿಸಕ್ಕಾ" ಎಂದು ಬೈದೆ. ಅದಕ್ಕೇ ಬರೆಯುತ್ತಿದ್ದೇನೆ.

ಎಡ ಸ್ತನದ ಗಡ್ಡೆ ತೆಗೆದ ಗಾಯ ಮಾಗಿದೆ. ಈಗ ವಿಕಿರಣ ಚಿಕಿತ್ಸೆ. ಎಡಗಡೆಯಾದ್ದರಿಂದ ಅದರ ಹಿಂದೆಯೇ ಹೃದಯ. ಆಳವಾಗಿ ಉಸಿರೆಳೆದು ಹಿಡಿದರೆ ಶ್ವಾಸಕೋಶ ಉಬ್ಬಿ ಹೃದಯ ಕೊಂಚ ದೂರ ಸರಿಯುತ್ತದಂತೆ; ಆಗ ಕಿರಣ ಬಿಡುತ್ತಾರೆ. ಅದಕ್ಕೆ ಮುಂಚೆ ದಿನವೂ ಎದೆಯ ಚಿತ್ರ ತೆಗೆದು, ಮೊದಲು ಮಾಡಿದ ಸ್ಕ್ಯಾನಿನ ಜೊತೆ ಹೋಲಿಸುತ್ತಾರೆ. ಎರಡೂ ಹೊಂದಬೇಕು.

ನಿನ್ನೆ, ಮೊದಲ ದಿನವೇ, ನನ್ನದು ಹೊಂದಲಿಲ್ಲ.

ಸ್ಕ್ಯಾನಿನ ದಿನ ಹೆದರಿ ಕೊರಡಿನಂತೆ ಬಿದ್ದುಕೊಂಡಿದ್ದೆ. ನಿನ್ನೆ ಯಂತ್ರ ನಡೆಸುವ ಹುಡುಗಿ ಧೈರ್ಯ ತುಂಬಲೆಂದು, "ಏನಿಲ್ಲಮ್ಮಾ, ಒಂದು ಫೋಟೊ ಅಷ್ಟೆ. ಉಸಿರೆಳ್ಕೊಂಡು ಹಿಡ್ಕೊಳ್ಳಿ" ಎಂದಳು. ನನಗೆ ಅಷ್ಟೇ ಸಾಕಾಯಿತು. ಗದ್ದ ಮೇಲೆದ್ದಿತು, ಭುಜ ಹಿಂದೆ ಹೋಯಿತು, ಬೆನ್ನು ಬಿಲ್ಲಾಯಿತು. ಅಪ್ಪನ ಸ್ಟುಡಿಯೋದಲ್ಲಿ ಆ ಎತ್ತರದ ಸ್ಟೂಲಿನ ಮೇಲೆ ಕೂರುತ್ತಿದ್ದೆವಲ್ಲ, ಹಾಗೆ!

ನೆನಪಿದೆಯೇ? ದೀಪದ ಬಿಸಿಗೆ ಬಳಿದ ಪೌಡರೆಲ್ಲ ಕರಗುತ್ತಿತ್ತು. ಕ್ಯಾಮೆರಾದ ಕಪ್ಪು ಬಟ್ಟೆಯೊಳಗಿಂದ ಅಪ್ಪನ ದನಿ ಮಾತ್ರ: "ಉಸಿರು ಹಿಡೀರೇ! ಅಲ್ಲಾಡಿದ್ರೆ ಮೂರು ಮೂಗು ಬರ್ತಾವೆ." ನೀನು ಕಿಸಕ್ಕನೆ ನಗುತ್ತಿದ್ದೆ. ಬೈಗುಳ ಮಾತ್ರ ನನಗೆ, ದೊಡ್ಡವಳು ನೋಡು.

ಆ ಹುಡುಗಿ ಒಳಗೆ ಬಂದು, "ಯಾರಿಗಮ್ಮಾ ಪೋಸ್ ಕೊಡ್ತಿದ್ದೀರಿ? ಬೆನ್ನು ಮೇಜು ಬಿಟ್ಟು ಎದ್ದಿದೆ" ಎಂದಳು. ಮತ್ತೆ ಮತ್ತೆ ಮಾಡಿದರೂ ಅದೇ ಕಥೆ. ಕೊನೆಗೆ ಡಾಕ್ಟರು ಬಂದು, ನಾಳೆ ಒಂದು ಸಲ ನೋಡೋಣ, ಆಗದಿದ್ದರೆ ಮಾಮೂಲಿ ಉಸಿರಾಟದಲ್ಲೇ ಕೊಡಬೇಕಾಗುತ್ತದೆ ಎಂದರು. ಹಾಗಾದರೆ ಹೃದಯಕ್ಕೂ ಹೆಚ್ಚು ತಗಲುತ್ತದೆ ಎಂಬುದನ್ನು ಮುಚ್ಚಿಡಲಿಲ್ಲ.

ಇವತ್ತು ಆ ಹುಡುಗಿಗೆ ಸ್ಟುಡಿಯೋದ ಕಥೆಯೆಲ್ಲ ಹೇಳಿಬಿಟ್ಟೆ. ಅವಳು ನಕ್ಕು, "ನಿಮ್ಮಪ್ಪ ಚೆಂದ ಕೇಳ್ತಿದ್ರು. ನಮಗೆ ಚೆಂದ ಬೇಡಮ್ಮಾ, ಸ್ಕ್ಯಾನ್ ದಿನ ಹೇಗಿದ್ರೋ ಹಾಗೇ ಇದ್ರೆ ಸಾಕು" ಎಂದು ಹೊರಗೆ ಹೋದಳು. ದಪ್ಪ ಬಾಗಿಲು ಮುಚ್ಚಿಕೊಂಡಿತು. ಕಣ್ಣು ಮುಚ್ಚಿದೆ. ಫೋಟೊ ಮುಗಿದ ಮೇಲೆ ಅಪ್ಪ ಬಟ್ಟೆಯಿಂದ ತಲೆ ಹೊರಗೆ ಹಾಕಿ, "ಆಯ್ತು, ಇಳೀರೇ ಕೋತಿಗಳಾ" ಎನ್ನುತ್ತಿದ್ದರಲ್ಲ, ಅದನ್ನೇ ನೆನೆಸಿಕೊಂಡೆ. ಭುಜ ತಾನಾಗಿ ಇಳಿಯಿತು, ಬೆನ್ನು ಮೇಜಿಗೆ ಅಂಟಿತು. ಆಮೇಲೆ ಉಸಿರೆಳೆದೆ.

ಸ್ಪೀಕರಿನಲ್ಲಿ ಅವಳ ದನಿ: "ಹೊಂದ್ತಮ್ಮಾ! ಹಾಗೇ ಇರಿ." ಯಂತ್ರ ಗುಂಯ್‌ಗುಟ್ಟಿತು. ನೋವೇನೂ ಇಲ್ಲ. ಕಣ್ಣಿನಿಂದ ನೀರು ಕಿವಿಗೆ ಹರಿಯುತ್ತಿತ್ತು. ಒರೆಸಿಕೊಳ್ಳಲು, ತಲೆಯ ಮೇಲೆ ಎತ್ತಿಟ್ಟಿದ್ದ ಕೈ ಇಳಿಸುವಂತಿರಲಿಲ್ಲ.

ನೀನು ಹುಷಾರು. ಮಕ್ಕಳಿಗೆ ದೊಡ್ಡಮ್ಮನ ಮುತ್ತು.

ಇಂತಿ,
ನಿನ್ನ ಅಕ್ಕ

ಮರೆತಿದ್ದೆ: ನೀನು ಬರುತ್ತೇನೆ ಎಂದಾಗ, ಬೇಡ, ಪಕ್ಕದ ಮನೆಯವರು ಜೊತೆಗೆ ಬರುತ್ತಾರೆ ಎಂದಿದ್ದೆ. ಯಾರೂ ಬರುವುದಿಲ್ಲ. ಜೊತೆಗೆ ಯಾರಿದ್ದಾರೆ ಎಂದು ನರ್ಸ್ ಕೇಳಿದಾಗಲೆಲ್ಲ, ತಂಗಿ ಇದ್ದಾಳೆ, ಕ್ಯಾಂಟೀನಿಗೆ ಹೋಗಿದ್ದಾಳೆ ಎನ್ನುತ್ತೇನೆ. "ಅದೆಷ್ಟು ತಿಂತಾಳೆ ನಿಮ್ಮ ತಂಗಿ?" ಎಂದಳು ಇವತ್ತು. ಬಂದುಬಿಡು, ಗುಬ್ಬಿ.