ನೊರೀನಳ ತಲೆಗೆ ಅಂಕ ಕೊಟ್ಟವರಿಗೆ

ಮರೆವಿನ ಆನ್‌ಲೈನ್ ಅಧ್ಯಯನದ ಮಾನ್ಯ ನಿರ್ದೇಶಕರೇ,

ಕಳೆದ ಮೇ ತಿಂಗಳ ಒಂದು ಭಾನುವಾರ, ನಿಮ್ಮ ಪ್ರಶ್ನೆಯೊಂದಕ್ಕೆ ನಿಜ ಹೇಳಿದ ತಪ್ಪಿಗೆ ಸೇಬಿನ ತೋಟಗಳಿದ್ದ ನಮ್ಮ ಹ್ಯೂಯನ್ ಕಣಿವೆಯ ನೊರೀನ್ ಎಂಬ ಎಪ್ಪತ್ತೆರಡರ ಹೆಂಗಸಿನ ತಲೆ ಒಡೆಯಿತು. ಒಡೆದವನು ಅವಳ ಗಂಡ ಡಡ್ಲಿ. ಅವನನ್ನು ಅವಳ ಪಕ್ಕದಲ್ಲಿ ಕೂರಿಸಿದವರು ನೀವು. ಆಮೇಲೆ ಆ ಒಡೆದ ತಲೆಗೇ ಪರೀಕ್ಷೆ ಮಾಡಿ ಅಂಕ ಕೊಟ್ಟವರೂ ನೀವೇ. ಡಡ್ಲಿ ನನ್ನ ಒಡಹುಟ್ಟಿದ ತಮ್ಮ. ಅವನ ಕೈ ಎಂಥದೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ.

"ನಿಮ್ಮನ್ನು ಚೆನ್ನಾಗಿ ಬಲ್ಲವರೊಬ್ಬರು ಪಕ್ಕದಲ್ಲಿ ಕೂತು ಉತ್ತರಗಳನ್ನು ಖಚಿತಪಡಿಸಲಿ" ಎಂಬುದು ನಿಮ್ಮ ಸೂಚನೆ. ಎಷ್ಟು ಸೊಗಸಾದ ಏರ್ಪಾಡು! ಮರೆವಿನ ಕಾರಣಗಳಲ್ಲಿ ತಲೆಗೆ ಬಿದ್ದ ಪೆಟ್ಟೂ ಒಂದೆಂದು ನಿಮ್ಮ ಪುಟವೇ ಸಾರುತ್ತದೆ. ಆ ಪೆಟ್ಟು ಆಕಾಶದಿಂದ ಉದುರುತ್ತದೆಯೇ? ಒಬ್ಬ ಹೆಂಗಸಿನ ತಲೆಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಅದನ್ನು ಗೋಡೆಗೆ ಅಪ್ಪಳಿಸಿದವನೇ ಆಗಿರಬಹುದೆಂದು ನಿಮ್ಮ ಕಚೇರಿಯ ಒಬ್ಬ ಪಂಡಿತರಿಗೂ ಹೊಳೆಯಲಿಲ್ಲವೇ? ಸುಮಾರು ಐವತ್ತು ವರ್ಷದ ಹಿಂದೆ ಬ್ರಿಟನ್ನಿಗೆ ನಮ್ಮ ಸೇಬು ಬೇಡವಾಗಿ, ಕಣಿವೆಯ ತೋಟಗಳನ್ನು ಬುಡಸಮೇತ ಕಿತ್ತು ಸುಟ್ಟೆವಲ್ಲ, ಆ ಚಳಿಗಾಲದಲ್ಲೇ ಡಡ್ಲಿ ಮೊದಲ ಸಲ ಅವಳ ಪ್ರಜ್ಞೆ ತಪ್ಪಿಸಿದ್ದು, ಸೇಬಿನ ಪೆಟ್ಟಿಗೆಯ ಹಲಗೆಯಿಂದ. ಏಣಿಯಿಂದ ಬಿದ್ದಳಂತೆ ಎಂದರು ಜನ. ಮರಗಳೇ ಇಲ್ಲದ ತೋಟದಲ್ಲಿ ಏಣಿ ಯಾಕೆಂದು ಯಾರೂ ಕೇಳಲಿಲ್ಲ.

ಆ ಭಾನುವಾರ ನಿಮ್ಮ ಪರದೆ ಕೇಳಿತು: ತಲೆಗೆ ಪೆಟ್ಟು ಬಿದ್ದು ಪ್ರಜ್ಞೆ ತಪ್ಪಿದ್ದುಂಟೇ?

"ಇಲ್ಲ ಅಂತ ಒತ್ತೇ," ಎಂದ ಡಡ್ಲಿ.

"ಡಾಕ್ಟರುಗಳಿಗೆ ಉಪಯೋಗ ಆಗುತ್ತಂತೆ ಕಣ್ರೀ. ಇದೊಂದ್ಸಲ ನಿಜ ಹೇಳ್ಲಾ?"

"ನಿಜಾನಾ? ನಿನ್ ತಲೇಲಿ ಏನೇ ನಿಲ್ಲುತ್ತೆ, ತೂತು ಬಕೆಟ್ಟೇ!"

ಅವಳು 'ಹೌದು' ಒತ್ತಿದಳು. ಪರದೆಯ ಮೇಲೆ 'ಎಷ್ಟು ಸಲ?' ಎಂದು ಮೂಡುವಷ್ಟರಲ್ಲಿ ಒಲೆಯ ಪಕ್ಕದ ಸೌದೆತುಂಡು ಅವಳ ಕಿವಿಯ ಮೇಲ್ಭಾಗಕ್ಕೆ ಅಪ್ಪಳಿಸಿತ್ತು. ಎರಡನೆಯ ಏಟಿಗೆ ಕುರ್ಚಿಸಮೇತ ಉರುಳಿದಳು. ಮೂರನೆಯದು ಪ್ರಜ್ಞೆ ತಪ್ಪಿ ಬಿದ್ದವಳ ಮೇಲೆ ಬಿತ್ತು. ಕೀಲಿಮಣೆಯ ಸಂದುಗಳಿಗೆ ರಕ್ತ ಇಳಿಯಿತು. ಸೌದೆಯ ರಾಶಿ ಅವಳ ಮೇಲೆ ಕುಸಿಯಿತೆಂದು ಆಸ್ಪತ್ರೆಯಲ್ಲಿ ಅವನೇ ಹೇಳಿದ.

ಹೊಲಿಗೆ ಬಿಚ್ಚುವ ಮೊದಲೇ ನಿಮ್ಮ ಇಮೇಲ್ ಬಂತು: ನೆನಪಿನ ಪರೀಕ್ಷೆ ಬಾಕಿಯಿದೆ. ನಮ್ಮ ಕಡೆ ಮುದಿ ಗಂಡಹೆಂಡಿರಿಬ್ಬರಿಗೂ ಸೇರಿ ಒಂದೇ ಇಮೇಲ್, ಗೇಟಿನಲ್ಲಿ ಒಂದೇ ಅಂಚೆಪೆಟ್ಟಿಗೆ ಇರುವ ಹಾಗೆ. ತೆರೆಯುವವನು ಗಂಡ. "ಕೂತ್ಕೊಳ್ಳೇ, ನಿನ್ ಮಿದುಳಿನ ಯೋಗ್ಯತೆ ನೋಡೇ ಬಿಡೋಣ," ಎಂದು ಅವನೇ ಕೂರಿಸಿದ. ಅಕ್ಷರಗಳು ಎರಡೆರಡಾಗಿ ಕಾಣುತ್ತಿದ್ದವಳು ತಪ್ಪು ಮಾಡದೆ ಇನ್ನೇನು ಮಾಡಿಯಾಳು? ಫಲಿತಾಂಶವೂ ಅದೇ ವಿಳಾಸಕ್ಕೆ ಬಂತು. ನೆನಪು ವಯಸ್ಸಿಗೆ ತಕ್ಕಂತಿಲ್ಲ. ಪದಬಂಧ ಬಿಡಿಸಿ, ಮೀನು ತಿನ್ನಿ ಎಂಬ ಸಲಹೆ ಬೇರೆ. ಡಡ್ಲಿ ಅದನ್ನು ಫುಟ್‌ಬಾಲ್ ಕ್ಲಬ್ಬಿನ ಬಾರಿನಲ್ಲಿ ಗಟ್ಟಿಯಾಗಿ ಓದಿ ಎಲ್ಲರನ್ನೂ ನಗಿಸಿದ.

ಆ ನಗು ಕಿವಿಗೆ ಬಿದ್ದ ದಿನವೇ ನೊರೀನ್ ನನ್ನ ಮನೆಗೆ ಬಂದಳು. "ಅಕ್ಕಾ, ನಡೀರಿ, ಪೊಲೀಸಿಗೆ ಹೇಳಿಬಿಡ್ತೀನಿ," ಎಂದಳು. ಠಾಣೆಯಲ್ಲಿ ಪೇದೆ ಅವಳನ್ನು ಮಗುವನ್ನು ನೋಡುವಂತೆ ನೋಡಿದ. "ಅಜ್ಜಿ, ನಿಮ್ಗೆ ನೆನಪಿನ ತೊಂದ್ರೆ ಇದೆಯಂತಲ್ಲ? ಯಜಮಾನ್ರು ಬಾರಲ್ಲಿ ಎಲ್ಲಾ ತೋರ್ಸಿದ್ರು."

"ಏನು ನೆನಪು ಬೇಕಪ್ಪಾ ನಿಂಗೆ? ಒಲೆ ಮೇಲೆ ಕುಂಬಳಕಾಯಿ ಸೂಪು ಕುದೀತಿತ್ತು. ಪರದೇಲಿ 'ಎಷ್ಟು ಸಲ' ಅಂತಿತ್ತು. ನಾಲ್ಕು ಅಂತ ಒತ್ತೋಕೆ ಹೋದೆ. ಅಷ್ಟರಲ್ಲಿ ಐದಾಯ್ತು."

ನಿರ್ದೇಶಕರೇ, ಪೇದೆ ಕೊನೆಗೂ ದೂರು ಬರೆದುಕೊಂಡ. ಮುಂದಿನ ತಿಂಗಳು ವಿಚಾರಣೆ. ಅವಳ ಮಾತಿನ ಹೊರತು ಬೇರೆ ಸಾಕ್ಷಿಯಿಲ್ಲ. ಅವನ ವಕೀಲರು ನಿಮ್ಮ ಅಂಕವನ್ನು ಎತ್ತಿ ಹಿಡಿದು, ಈ ಮುದುಕಿಯ ಮಾತು ನಂಬಬೇಡಿ ಎನ್ನಲಿದ್ದಾರೆ. ನ್ಯಾಯಾಲಯ ಅವರನ್ನು ನಂಬಿದರೆ ಅವಳು ಅದೇ ಅಡುಗೆಮನೆಗೆ, ಅದೇ ಸೌದೆಯ ಪಕ್ಕಕ್ಕೆ ಹಿಂತಿರುಗಬೇಕು. ಆರನೆಯದಕ್ಕೆ ಅವಳು ಉಳಿಯುವುದಿಲ್ಲ. ನಿಮ್ಮ ಕಚೇರಿಗೆ ಬರೆದೆ. ಮಾಹಿತಿಯ ಗೌಪ್ಯತೆಯ ಬಗ್ಗೆ ಉಪದೇಶ ಬಂತು. ಬಾರಿನಲ್ಲಿ ಓದಿಸಿಕೊಂಡದ್ದಕ್ಕೆ ಇನ್ನೆಂಥ ಗೌಪ್ಯತೆ?

ವಿಚಾರಣೆಗೆ ಮುಂಚೆ, ಈ ಪತ್ರ ಅಚ್ಚಾದ ಇದೇ ಪತ್ರಿಕೆಯಲ್ಲಿ, ನಿಮ್ಮ ಸಹಿಯೊಂದಿಗೆ ಹೇಳಿ: ನೀವು ಅಳೆದದ್ದು ನೊರೀನಳ ನೆನಪನ್ನೋ, ನನ್ನ ತಮ್ಮನ ಸೌದೆಯನ್ನೋ? ನಿಮ್ಮ ಮಾತಿಗೆ ಕಟ್ಟುಬಿದ್ದು ಇನ್ನೆಷ್ಟು ಹೆಂಗಸರು ಈ ಹೊತ್ತು ಅಂಥ 'ಬಲ್ಲವರ' ಪಕ್ಕದಲ್ಲಿ ಕೂತು 'ಇಲ್ಲ' ಒತ್ತುತ್ತಿದ್ದಾರೆ? ನಿಮ್ಮ ಪ್ರಶ್ನೆಗೆ ಅವಳು ರಕ್ತ ಸುರಿಸಿ ಉತ್ತರಿಸಿದ್ದಾಳೆ. ನನ್ನದಕ್ಕೆ ನೀವು ಬರಿಯ ಶಾಯಿಯಲ್ಲಿ, ಊರಿಗೆಲ್ಲ ಕಾಣುವಂತೆ ಉತ್ತರಿಸಿ.

ಇಂತಿ,
ಹೊಡೆದವನ ಅಕ್ಕ, ನಿಮ್ಮ ಪರೀಕ್ಷೆಗೆ ಎಂದೂ ಕೂರದ
ಮಾವಿಸ್ ಡ್ರಿಸ್ಕಲ್