ಬಾಡಿಗೆಗೆ ತಂದ ಬೇಸರ

ಬತ್ಹಾ, ರಿಯಾದ್
ಶುಕ್ರವಾರ, 14 ಅಕ್ಟೋಬರ್ 1994

ಪ್ರೀತಿಯ ಉಮ್ಮಾ,

ಅಸ್ಸಲಾಮು ಅಲೈಕುಂ. ಮೊಣಕಾಲು ನೋವು ಹೇಗಿದೆ? ಬೀಡಿ ಕಟ್ಟುವಾಗ ನಡುನಡುವೆ ಎದ್ದು ಓಡಾಡಿ ಎಂದರೆ ನೀವು ಕೇಳುವವರಲ್ಲ. ನಾನು ಚೆನ್ನಾಗಿದ್ದೇನೆ. ಅಲ್ಲ, ಆರೋಗ್ಯ ಚೆನ್ನಾಗಿದೆ, ನಾನು ಚೆನ್ನಾಗಿಲ್ಲ.

ನಮ್ಮ ಕೋಣೆಯಲ್ಲಿ ಕನ್ನಡ ಬರೆಯಬಲ್ಲವನು ಎಂಟನೇ ಕ್ಲಾಸು ಬಿಟ್ಟ ನಾನೊಬ್ಬನೇ. ಶುಕ್ರವಾರ ಊಟವಾದ ಮೇಲೆ ಮೊಹಿದ್ದೀನ್ ಕಾಕ, ಶಂಸುದ್ದೀನ್ ಇಬ್ಬರೂ ಹೆಂಡತಿಯರಿಗೆ ಕಾಗದ ಬರೆಸಲು ನನ್ನ ಮಂಚಕ್ಕೆ ಬರುತ್ತಾರೆ. ಊರಲ್ಲಿ ಅವನ್ನು ಓದಿಹೇಳುವವರು, ಉತ್ತರ ಬರೆದುಕೊಡುವವರು ನೀವೇ. ಅದು ಗೊತ್ತಿದ್ದೂ ಒಂದು ಕೆಟ್ಟ ಕೆಲಸ ಮಾಡಿದೆ. ಕಾಕ "ಎಂತ ಬರೆಯುವುದು ಮಾರಾಯ, ಸೌಖ್ಯ ಅಂತ ಬರಿ" ಎಂದು ಸುಮ್ಮನಾಗುತ್ತಿದ್ದರು. ಅವರ ಬಾಯಿಂದ ಮಾತು ಬರುವವರೆಗೆ ಕಾಯುವ ತಾಳ್ಮೆ ನನಗೆಲ್ಲಿದೆ? ನಿಮ್ಮ ಮುತ್ತಜ್ಜಿ ಉಮ್ಮೆ ಕುಲ್ಸುಮ್ ನೂರು ವರ್ಷದ ಹಿಂದೆ ದೂರದೂರಿಗೆ ಮದುವೆಯಾಗಿ ಹೋದ ಗೆಳತಿ ರುಕಯ್ಯಾಳಿಗೆ ಹಾಡು ಕಟ್ಟಿ ಕಳಿಸಿದ ಓಲೆಗಳನ್ನು ನೀವು ಬೀಡಿ ಕಟ್ಟುತ್ತಾ ಹಾಡುತ್ತೀರಲ್ಲ, ಅವೆಲ್ಲ ನನಗೆ ಬಾಯಿಪಾಠ. "ಕಿಟಕಿ ತೆರೆದೇ ಮಲಗುವೆ, ನಿನ್ನ ಕಡೆಯ ಗಾಳಿ ಬಾಗಿಲು ತಟ್ಟಿ ಕಾಯಬಾರದು" ಎಂಬುದನ್ನು ಕಾಕನ ಹೆಂಡತಿ ಸಫಿಯತ್‌ಗೂ ಬರೆದೆ, ಶಂಸುದ್ದೀನನ ಹೆಂಡತಿ ಶಮೀರಾಳಿಗೂ ಬರೆದೆ. ಕಾಕ ಕೇಳಿ ಕಣ್ಣೊರೆಸಿಕೊಂಡರು. ನಾನು ಬೀಗಿದೆ.

ಮೊನ್ನೆ ಸಫಿಯತ್‌ಳ ಉತ್ತರ ಬಂತು. ಒಂದಕ್ಷರ ಬಿಡದೆ ಗಟ್ಟಿಯಾಗಿ ಓದಿದೆ. "ಶಮೀರಾಳ ಗಂಡನೂ ಕಿಟಕಿ ತೆರೆದೇ ಮಲಗುವುದಂತೆ. ನಿಮ್ಮ ಕೋಣೆಗೆ ಎಷ್ಟು ಕಿಟಕಿ? ಬೇಸರವನ್ನೂ ಬಾಡಿಗೆಗೆ ತಂದದ್ದಾ? ಇನ್ನು ನನಗೆ ಕಾಗದ ಬೇಡ." ಮಾತು ಅವಳದು, ಕೈಬರಹ ನಿಮ್ಮದು. ಆ ಸಾಲು ಯಾರದೆಂದು ನಿಮಗೆ ತಿಳಿಯದೆ ಇರುತ್ತದೆಯೇ? ಆದರೂ ನನಗೊಂದು ಮಾತು ಬರೆದಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಕಾಕನೂ ಬೈಯಲಿಲ್ಲ, ಗೋಡೆಯ ಕಡೆ ತಿರುಗಿ ಮಲಗಿದರು. ರುಕಯ್ಯಾ ಒಬ್ಬಳಿಗೇ ಹೇಳಿದ ಮಾತನ್ನು ಕದ್ದು ಹಂಚಿ, ಕಾಕನ ನಿಜವಾದ ಬೇಸರವನ್ನು ಸುಳ್ಳು ಮಾಡಿದೆ. ಉಮ್ಮಾ, ತಲೆ ಎತ್ತಲಾಗುತ್ತಿಲ್ಲ. ಕದ್ದವನು ನನ್ನ ಮಗ ಎಂದು ಸಫಿಯತ್, ಶಮೀರಾ ಇಬ್ಬರ ಎದುರೂ ಹೇಳಿಬಿಡಿ.

ಉಪ್ಪಾಗೆ ಸಲಾಂ. ದುಆ ಮಾಡುವಾಗ ನನ್ನನ್ನೂ ನೆನೆಯಿರಿ.

ನಿಮ್ಮ ಮಗ,
ರಾಝಿಕ್

ತಾ.ಕ.: ಜೊತೆಗಿರುವ ಚೀಟಿ ಸಫಿಯತ್‌ಗೆ. ಈ ಸಲ ಕಾಕ ಬಾಯಿ ಬಿಡುವವರೆಗೆ ಕಾದು, ಹೇಳಿದಷ್ಟೇ ಬರೆದಿದ್ದೇನೆ: "ಕೋಣೆಗೆ ಕಿಟಕಿ ಇಲ್ಲ. ಎ.ಸಿ. ಉಂಟು. ಅದು ನಿಂತರೆ ಎಚ್ಚರ ಆಗ್ತದೆ. ಮತ್ತೆ ನಿದ್ದೆ ಬರುವುದಿಲ್ಲ, ನೀನು ನೆನಪಾಗ್ತಿ." ಬೇಡವೆಂದರೂ ಓದಿಹೇಳಿ ಉಮ್ಮಾ. ಚಂದ ಮಾಡಬೇಡಿ, ಇದ್ದ ಹಾಗೇ ಓದಿ.